ಹಿಮ್ಮೇಳ – ಮುಮ್ಮೇಳ: ಯಕ್ಷಗಾನದಲ್ಲಿ ಕೂಡಿ ಮಾಡುವ ಕಲೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ನಮ್ಮ ಕುಂದಾಪುರದ ಕಡೆ ಆಟ ನೋಡಿ ಬೆಳಗಿನ ಜಾವ ಮನೆಗೆ ಬಂದವರನ್ನು ಮನೆಯವರು ಮೊದಲು ಕೇಳುವ ಪ್ರಶ್ನೆ “ಆಟ ಹ್ಯಾಂಗಾಯ್ತ್?” ಎಂಬುದು. ಬರುವ ಉತ್ತರ ಸಾಧಾರಣವಾಗಿ ಎರಡು ಭಾಗವಾಗಿರುತ್ತದೆ. “ವೇಷ ಲಾಯ್ಕಿತ್ತ್, ಹಿಮ್ಮೇಳ ಅಷ್ಟಕ್ಕಷ್ಟೆ” ಎಂದೋ, “ಹಿಮ್ಮೇಳವೇ ಆಟ ಎತ್ತಿದ್ದ್” ಎಂದೋ ಹೇಳುತ್ತಾರೆ. ಓದುಬರಹ ಬಾರದ ನಮ್ಮ ಅಜ್ಜಿಯೂ ಹೀಗೆಯೇ ವಿಂಗಡಿಸಿ ಹೇಳುತ್ತಿದ್ದಳು. ಆದರೆ ಆಟ ಕೆಟ್ಟಿತೆಂದರೆ ಮಾತ್ರ ಅವಳು ಯಾರೊಬ್ಬರನ್ನೂ ದೂರುತ್ತಿರಲಿಲ್ಲ. “ಕೂಡಿ ಬರಲಿಲ್ಲ” ಎನ್ನುತ್ತಿದ್ದಳು. ಈ ‘ಕೂಡಿ ಬರುವುದು’ ಎಂದರೇನು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾನು ಯಕ್ಷಗಾನದ ಪಂಡಿತನಲ್ಲ. ಅದನ್ನು ಶಾಸ್ತ್ರೀಯವಾಗಿ ಕಲಿತವನೂ ಅಲ್ಲ. ಆದರೆ ನನ್ನ ತಂದೆ ಬಡಗುತಿಟ್ಟಿನ ಮೇಳವೊಂದರಲ್ಲಿ ಇಪ್ಪತ್ತೆಂಟು ತಿರುಗಾಟಗಳನ್ನು ಮಾಡಿದ ಮದ್ದಳೆಗಾರರು. ಚಿಕ್ಕಂದಿನಲ್ಲಿ ಹಿಮ್ಮೇಳದ ಹಿಂದೆ ಚಾಪೆಯ ಮೇಲೆ ಮಲಗಿ ನಾನು ಕಂಡ ಆಟಗಳು ಎಷ್ಟೋ. ಆದುದರಿಂದ ಇಲ್ಲಿ ಹೇಳುವ ಮಾತುಗಳಲ್ಲಿ ಕೆಲವು ಪುಸ್ತಕದವು, ಹೆಚ್ಚಿನವು ಆ ಚಾಪೆಯವು.

ಘಟ್ಟದ ಮೇಲಿನಿಂದ ಬಂದ ಸಹಪಾಠಿಗಳಿಗಾಗಿ ಮೊದಲು ಒಂದೆರಡು ಪರಿಚಯದ ಮಾತು. ಯಕ್ಷಗಾನದಲ್ಲಿ ಹಾಡುವ ಭಾಗವತರು, ಮದ್ದಳೆಯವರು, ಚಂಡೆಯವರು ಮತ್ತು ಶ್ರುತಿ ಹಿಡಿಯುವವರು ಸೇರಿದರೆ ಹಿಮ್ಮೇಳ. ವೇಷ ಕಟ್ಟಿ ಕುಣಿಯುವವರು, ಅರ್ಥ ಹೇಳುವವರು ಸೇರಿದರೆ ಮುಮ್ಮೇಳ. ತೆಂಕು, ಬಡಗು ಎಂಬ ತಿಟ್ಟುಗಳಲ್ಲಿ ವೇಷ, ವಾದ್ಯ, ಹೆಜ್ಜೆಗಳ ವ್ಯತ್ಯಾಸವಿದೆ. ತೆಂಕಿನ ಭಾಗವತರ ಕೈಯಲ್ಲಿ ಜಾಗಟೆಯಿದ್ದರೆ ಬಡಗಿನವರ ಕೈಯಲ್ಲಿ ತಾಳವಿರುತ್ತದೆ. ತೆಂಕಿನ ಚಂಡೆಯನ್ನು ಹೆಗಲಿಗೆ ತೂಗಿಹಾಕಿ ನಿಂತು ಬಾರಿಸುತ್ತಾರೆ. ನಾನು ಬಲ್ಲುದು ಬಡಗನ್ನು ಮಾತ್ರ. ಈ ಎರಡು ಹೆಸರುಗಳಲ್ಲಿಯೂ ಕೊನೆಗಿರುವುದು ‘ಮೇಳ’ ಎಂಬ ಒಂದೇ ಪದ. ಮೇಳವೆಂದರೆ ಕೂಡುವಿಕೆ. ಹಾಡುವವರದೊಂದು ಕೂಟ, ಕುಣಿಯುವವರದೊಂದು ಕೂಟ, ಎರಡೂ ಕೂಡಿದರೆ ಮತ್ತೊಂದು ಕೂಟ. ಕಲೆಯ ಲಕ್ಷಣವನ್ನು ನಮ್ಮ ಹಿರಿಯರು ಹೆಸರಿನಲ್ಲಿಯೇ ಹೇಳಿಟ್ಟಿದ್ದಾರೆ.

ಇನ್ನು ಈ ಕೂಟದ ಮುಂದೆ ಇರುವ ಲಿಖಿತ ಸಾಮಗ್ರಿ ಎಷ್ಟೆಂದು ನೋಡೋಣ. ಪ್ರಸಂಗದ ಪುಸ್ತಕವನ್ನು ತೆರೆದರೆ ಅಲ್ಲಿ ಕಾಣುವುದು ಪದ್ಯಗಳು. ಪದ್ಯದ ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು. ಅಷ್ಟೆ. ಪಾತ್ರಗಳು ಆಡಬೇಕಾದ ಮಾತು ಅಲ್ಲಿಲ್ಲ. ಎಷ್ಟು ಹೊತ್ತು ಕುಣಿಯಬೇಕು, ಯಾವ ಹೆಜ್ಜೆ ಇಡಬೇಕು, ಚಂಡೆ ಎಲ್ಲಿ ಸೇರಬೇಕು, ಎಲ್ಲಿ ನಿಲ್ಲಬೇಕು ಎಂಬುದೊಂದೂ ಅಲ್ಲಿಲ್ಲ. ಇಂಗ್ಲಿಷ್ ನಾಟಕದ ಪಾಠದಲ್ಲಿ ನಾವು ಓದಿದ ಹಾಗೆ ಸಂಭಾಷಣೆಯ ಪ್ರತಿಯೊಂದು ಅಕ್ಷರವೂ ಮುದ್ರಿತವಾಗಿರುವ ಪದ್ಧತಿಯಲ್ಲ ಇದು. ಉಳಿದುದೆಲ್ಲವನ್ನೂ ಆ ರಾತ್ರಿ, ಆ ರಂಗಸ್ಥಳದಲ್ಲಿ, ಆ ಜನರ ಎದುರಿಗೆ ಹಲವರು ಕೂಡಿಯೇ ಉಂಟುಮಾಡಬೇಕು. ಮೇಳಗಳಲ್ಲಿ ದಿನದಿನದ ಆಟಕ್ಕೆ ಪೂರ್ವಾಭ್ಯಾಸವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಬೇರೆ ಮೇಳದ ಅತಿಥಿ ಕಲಾವಿದರು ಸಂಜೆ ಬಂದು, ಚೌಕಿಯಲ್ಲಿ ವೇಷ ಕಟ್ಟಿಕೊಳ್ಳುತ್ತ ಭಾಗವತರೊಡನೆ ಹತ್ತು ಮಾತಾಡಿ, ರಾತ್ರಿ ರಂಗಕ್ಕೆ ಹೋಗುವುದನ್ನು ನಾನು ಕಂಡಿದ್ದೇನೆ. ಭಾಷೆ ಬಲ್ಲವರಿಬ್ಬರು ಮೊದಲ ಸಲ ಭೇಟಿಯಾದರೂ ಮಾತಾಡಬಲ್ಲರಷ್ಟೆ. ಅದರಂತೆ ತಾಳವೂ ಹೆಜ್ಜೆಯೂ ಇವರಿಗೆ ಸಮಾನವಾದ ವ್ಯಾಕರಣ.

ಆ ವ್ಯಾಕರಣದ ಲೆಕ್ಕ ಕಟ್ಟುನಿಟ್ಟಾದದ್ದು. ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ಭಾಗವತರು ತಾಳ ಹಾಕಿ ಪದ್ಯವನ್ನು ಎತ್ತುತ್ತಾರೆ. ಮದ್ದಳೆ ಅದನ್ನು ಹಿಡಿಯುತ್ತದೆ. ಒಂದು ಸಾಲು ಹಾಡಿದಾಗ ವೇಷಧಾರಿ ಅದರ ಭಾವವನ್ನು ಅಭಿನಯಿಸುತ್ತಾನೆ. ಸಾಲು ಮುಗಿದಾಗ ಕುಣಿತಕ್ಕೆ ಎಡೆ. ಕುಣಿತವು ಬಿಡ್ತಿಗೆಗೆ ಏರಿ, ಮುಕ್ತಾಯಕ್ಕೆ ಬಂದು, ಹೆಜ್ಜೆ, ತಾಳ, ಮದ್ದಳೆ, ಚಂಡೆ ನಾಲ್ಕೂ ಒಂದೇ ಪೆಟ್ಟಿನ ಮೇಲೆ ನಿಲ್ಲಬೇಕು. ಆಮೇಲೆ ಅರ್ಥ. ಅರ್ಥದ ಕೊನೆಯಲ್ಲಿ ವೇಷಧಾರಿ ಮುಂದಿನ ಪದ್ಯಕ್ಕೆ ‘ಎತ್ತುಗಡೆ’ ಕೊಡುತ್ತಾನೆ. ಅಂದರೆ ಭಾಗವತರು ಪದ್ಯವನ್ನು ಎತ್ತಿಕೊಳ್ಳಲು ಅನುಕೂಲವಾಗುವ ಮಾತನ್ನು ಆಡುತ್ತಾನೆ. ಆ ಮಾತಿನ ಬಾಲವನ್ನು ಹಿಡಿದೇ ಭಾಗವತರು ಹಾಡತೊಡಗಿದರೆ ಮಾತೆಲ್ಲಿ ಮುಗಿಯಿತು, ಹಾಡೆಲ್ಲಿ ತೊಡಗಿತು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ.

ಇಲ್ಲಿ ನಾನು ಬಹುಕಾಲ ಗಮನಿಸದೆ ಇದ್ದು, ಈಚೆಗೆ ಗಮನಿಸಿದ ಸಂಗತಿಯೊಂದಿದೆ. ಹಿಮ್ಮೇಳದವರು ಕುಳಿತುಕೊಳ್ಳುವುದು ರಂಗಸ್ಥಳದ ಹಿಂಭಾಗದಲ್ಲಿ. ವೇಷಧಾರಿ ಪ್ರೇಕ್ಷಕರಿಗೆ ಮುಖಮಾಡಿ ನಿಂತಾಗ ಹಿಮ್ಮೇಳದವರಿಗೆ ಕಾಣುವುದು ಅವನ ಬೆನ್ನು ಮತ್ತು ಕಾಲು. ಅವನಿಗೆ ಹಿಮ್ಮೇಳದವರು ಕಾಣುವುದೇ ಇಲ್ಲ. ಆದುದರಿಂದ ಅವನು ಅವರನ್ನು ಕಿವಿಯಿಂದ ನೋಡಬೇಕು. ಅವರು ಅವನ ಮನಸ್ಸನ್ನು ಬೆನ್ನಿನಿಂದ ಓದಬೇಕು. ಮುಕ್ತಾಯ ಬೇಕೆಂದಾಗ ಅವನು ಬಾಯಿಬಿಟ್ಟು ಹೇಳಲಾರ. ಹೆಜ್ಜೆಯ ಬಲವನ್ನು ಬದಲಿಸುತ್ತಾನೆ, ಹೆಗಲನ್ನು ಎತ್ತುತ್ತಾನೆ. ಮದ್ದಳೆಯವರು ಅಷ್ಟರಲ್ಲಿಯೇ ತಿಳಿದುಕೊಳ್ಳಬೇಕು. ಅಪ್ಪಯ್ಯನ ಕಣ್ಣು ಮದ್ದಳೆಯ ಮೇಲೆ ಇದ್ದುದನ್ನು ನಾನು ಎಂದೂ ಕಂಡಿಲ್ಲ. ಅದು ಯಾವಾಗಲೂ ಕುಣಿಯುವವರ ಹಿಮ್ಮಡಿಯ ಮೇಲೆಯೇ ಇರುತ್ತದೆ.

ಒಂದು ರಾತ್ರಿಯ ಸಂಗತಿಯನ್ನು ಹೇಳಿದರೆ ಇದು ಸ್ಪಷ್ಟವಾದೀತು. ಆಗ ನನಗೆ ಹನ್ನೆರಡು ವರ್ಷ. ಒಂದು ಹರಕೆ ಆಟ; ಪ್ರಸಂಗ ಸುಧನ್ವಾರ್ಜುನ. ಸುಧನ್ವನ ವೇಷ ಹಾಕಿದವರು ಐವತ್ತು ದಾಟಿದ ಹಿರಿಯ ಕಲಾವಿದರು. ಪ್ರವೇಶದ ಕುಣಿತದಲ್ಲಿ ಒಂದು ಸುತ್ತು ತಿರುಗುವಾಗ ಅವರ ಕಾಲು ಉಳುಕಿತು. ನನಗಾಗಲಿ ಪ್ರೇಕ್ಷಕರಿಗಾಗಲಿ ಏನೂ ತಿಳಿಯಲಿಲ್ಲ. ಚಂಡೆ ತಟ್ಟನೆ ನಿಂತಿತು. ಭಾಗವತರು ಹಾಡಿದ ಸಾಲನ್ನೇ ಮತ್ತೊಮ್ಮೆ, ಕಾಲವನ್ನು ಇಳಿಸಿ, ಮೆಲ್ಲಗೆ ಹಾಡಿದರು. ಮದ್ದಳೆಯೊಂದೇ ಕೆಳದನಿಯಲ್ಲಿ ನಡೆಯಿತು. ಸುಧನ್ವ ಎರಡು ಹೆಜ್ಜೆ ಹಿಂದೆ ಸರಿದು ರಥದ ಮೇಲೆ ಕುಳಿತುಬಿಟ್ಟರು. ಪ್ರಭಾವತಿಯ ವೇಷದವರು ಅದನ್ನು ಕಂಡು, ಇನ್ನೂ ಬರಬೇಕಾದ ಹೊತ್ತಿಗೆ ಮುನ್ನವೇ ಒಳಬಂದು ಪಾದದ ಬಳಿ ಕುಳಿತರು. ಯುದ್ಧಕ್ಕೆ ಹೊರಟ ಗಂಡನನ್ನು ಹೆಂಡತಿ ತಡೆಯುವ ಸನ್ನಿವೇಶ ಅದು. ಸುಧನ್ವ ಕುಳಿತಲ್ಲಿಂದಲೇ ಕೈಯಲ್ಲಿ, ಕಣ್ಣಿನಲ್ಲಿ, ಮಾತಿನಲ್ಲಿ ಅಭಿನಯಿಸಿದರು. ಹೆಂಡತಿಯ ದುಃಖವನ್ನು ಕಂಡು ವೀರನು ಕುಸಿದು ಕುಳಿತನೆಂದೇ ಜನ ತಿಳಿದರು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಕಣ್ಣೊರಸಿಕೊಂಡರು. ಮುಂದಿನ ಯುದ್ಧಭಾಗಕ್ಕೆ ಚೌಕಿಯಲ್ಲಿ ಬೇರೊಬ್ಬರು ಸುಧನ್ವನ ವೇಷ ಕಟ್ಟಿದರು.

ಬೆಳಿಗ್ಗೆ ಮನೆಗೆ ನಡೆದು ಬರುವಾಗ ನಾನು ಅಪ್ಪಯ್ಯನನ್ನು ಕೇಳಿದೆ: “ಕಾಲು ಉಳುಕಿದ್ದು ನಿಮ್ಗೆ ಹ್ಯಾಂಗೆ ಗೊತ್ತಾಯ್ತ್?” ಅವರೆಂದರು: “ಗೆಜ್ಜಿ ಪೆಟ್ಟ್ ತಪ್ಪಿತ್ ಮಗಾ. ಕಾಲಿಗೆ ಎಂತದೋ ಆಯ್ತ್ ಅಂದೇಳಿ ಗೊತ್ತಾಯ್ತ್.” ಐದಾರು ಜನ, ಒಬ್ಬರೊಡನೊಬ್ಬರು ಒಂದು ಮಾತನ್ನೂ ಆಡದೆ, ಒಂದು ಅವಘಡವನ್ನು ರಸವಾಗಿ ಮಾಡಿದ್ದರು. ಇದಕ್ಕಿಂತ ಹೆಚ್ಚಿನ ಸಹಕಾರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಸಂಗೀತಗಾರರನ್ನು ರಂಗದ ಮೇಲೆಯೇ ಕುಳ್ಳಿರಿಸುವ ಈ ಕ್ರಮ ಹಳೆಯದು. ಭರತನ ನಾಟ್ಯಶಾಸ್ತ್ರದಲ್ಲಿ ವಾದ್ಯಗಾರರ ಸಮೂಹಕ್ಕೆ ‘ಕುತಪ’ ಎಂಬ ಹೆಸರಿದೆ. ವಾದ್ಯಗಳನ್ನು ಅಣಿಗೊಳಿಸುವುದು, ಗಾಯಕರನ್ನು ಕುಳ್ಳಿರಿಸುವುದು ಇವೂ ಅಲ್ಲಿ ಪೂರ್ವರಂಗದ ಅಂಗಗಳು. ಪಶ್ಚಿಮ ದೇಶಗಳ ಬ್ಯಾಲೆಯಲ್ಲಿ ವಾದ್ಯವೃಂದವು ರಂಗದ ಮುಂದಣ ತಗ್ಗಿನಲ್ಲಿ ಕುಳಿತಿರುತ್ತದೆ. 1913ರ ಮೇ 29ರಂದು ಪ್ಯಾರಿಸಿನಲ್ಲಿ ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ನಿಜಿನ್ಸ್ಕಿ ನೃತ್ಯ ಸಂಯೋಜಿಸಿದ ‘ವಸಂತದ ವಿಧಿ’ ಎಂಬ ಬ್ಯಾಲೆ ಮೊದಲ ಬಾರಿ ಪ್ರದರ್ಶಿತವಾದಾಗ ಪ್ರೇಕ್ಷಕರು ಎಬ್ಬಿಸಿದ ಗದ್ದಲದಲ್ಲಿ ನರ್ತಕರಿಗೆ ಸಂಗೀತವೇ ಕೇಳಿಸದಂತಾಯಿತು. ನಿಜಿನ್ಸ್ಕಿ ರಂಗದ ಮರೆಯಲ್ಲಿ ಕುರ್ಚಿಯ ಮೇಲೆ ನಿಂತು ಎಣಿಕೆಯನ್ನು ಕೂಗಿ ಹೇಳುತ್ತಿದ್ದನೆಂದು ಸ್ಟ್ರಾವಿನ್ಸ್ಕಿಯೇ ಬರೆದಿದ್ದಾನೆ. ಕೇಳುವುದು ತಪ್ಪಿದರೆ ಎಷ್ಟು ದೊಡ್ಡ ಕಲಾವಿದರಿಗೂ ಲೆಕ್ಕವೊಂದೇ ಗತಿ.

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಅಮೆರಿಕದಲ್ಲಿ ನೃತ್ಯಕಾರ ಮರ್ಸ್ ಕನಿಂಗ್‌ಹ್ಯಾಮ್ (1919–2009) ಮತ್ತು ಸಂಗೀತಕಾರ ಜಾನ್ ಕೇಜ್ (1912–1992) ಹಿಡಿದರು. ನೃತ್ಯವೂ ಸಂಗೀತವೂ ಒಂದೇ ಹೊತ್ತಿನಲ್ಲಿ ನಡೆದರೆ ಸಾಕು, ಒಂದನ್ನೊಂದು ಅನುಸರಿಸಬೇಕಾಗಿಲ್ಲ ಎಂಬುದು ಅವರ ಮತ. ಇಬ್ಬರೂ ಕಾಲದ ಅಳತೆಯನ್ನಷ್ಟೆ ಒಪ್ಪಿಕೊಂಡು ಬೇರೆಬೇರೆಯಾಗಿ ಕೆಲಸಮಾಡುತ್ತಿದ್ದರು. ಎಷ್ಟೋ ಸಲ ನರ್ತಕರು ಸಂಗೀತವನ್ನು ಮೊದಲು ಕೇಳುತ್ತಿದ್ದುದು ಪ್ರದರ್ಶನದ ದಿನವೇ. ಓದಿದಾಗ ನನಗೆ ಆಶ್ಚರ್ಯವಾಯಿತು. ಆದರೆ ಅದೂ ಒಂದು ಬಗೆಯ ಕೂಡುವಿಕೆಯೇ: ಇಬ್ಬರೂ ಸ್ವತಂತ್ರರು, ಇಬ್ಬರೂ ಸಮಾನರು. ನಮ್ಮ ಯಕ್ಷಗಾನದಲ್ಲಿ ಇಬ್ಬರೂ ಸಮಾನರು, ಆದರೆ ಇಬ್ಬರೂ ಒಬ್ಬರಿಗೊಬ್ಬರು ಕಟ್ಟುಬಿದ್ದವರು.

ನಮ್ಮಲ್ಲಿಯೇ ಪ್ರಯೋಗಗಳು ನಡೆಯದೆ ಇಲ್ಲ. ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಡಾ. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಹಾಡು ಮತ್ತು ಕುಣಿತಗಳಿಂದಲೇ ಕಥೆ ಹೇಳುವ ಬ್ಯಾಲೆಗಳನ್ನು ಸಂಯೋಜಿಸಿದರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರಕ್ಕೂ ಅವರ ಮಾರ್ಗದರ್ಶನವಿತ್ತು. ಮಾತಿಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲವೆಂದು ಆಕ್ಷೇಪಿಸಿದವರಿದ್ದರು, ಇಂದಿಗೂ ಇದ್ದಾರೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ನನಗೆ ಮುಖ್ಯವೆಂದು ತೋರುವುದು ಇಷ್ಟು: ಕಾರಂತರು ಮಾತನ್ನು ಬಿಟ್ಟರು, ಜೀವಂತ ಹಿಮ್ಮೇಳವನ್ನು ಬಿಡಲಿಲ್ಲ. ವಾದ್ಯವನ್ನು ಬದಲಿಸಬಹುದು, ಹೊತ್ತನ್ನು ಕಿರಿದು ಮಾಡಬಹುದು. ನೋಡಿ ನುಡಿಸುವವನೊಬ್ಬನು ಹಿಂದೆ ಇರಲೇಬೇಕು.

ಈ ಮಾತು ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಸೋತು ತಿಳಿಯಿತು. ಕಳೆದ ವರ್ಷ ಅಂತರ ಕಾಲೇಜು ಸ್ಪರ್ಧೆಯೊಂದಕ್ಕೆ ನಾವು ಆರು ಜನ ಗೆಳೆಯರು ‘ಅಭಿಮನ್ಯು ಕಾಳಗ’ದ ಒಂದು ಭಾಗವನ್ನು ಸಿದ್ಧಪಡಿಸಿದೆವು. ಅಭಿಮನ್ಯು ನಾನು. ಹಿಮ್ಮೇಳಕ್ಕೆ ಏನು ಮಾಡುವುದೆಂಬ ಮಾತು ಬಂದಾಗ ಗೆಳೆಯರು, “ಯಾರಾದರೂ ನಿನಗೆ ಗೊತ್ತಿದ್ದಾರೆಯೇ?” ಎಂದು ನನ್ನನ್ನೇ ಕೇಳಿದರು. ಇಲ್ಲವೆಂದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ ‘ವ್ಯವಸಾಯ’ ಎಂದು ಬರೆದಿದ್ದೆ. ವರ್ಷದಲ್ಲಿ ಆರು ತಿಂಗಳು ಊರೂರು ಅಲೆದು, ಹಗಲು ಮಲಗಿ, ರಾತ್ರಿ ಮದ್ದಳೆ ಬಾರಿಸುವವರ ಮಗನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಇದನ್ನು ಬರೆಯುವಾಗ ಈಗ ಆಗುತ್ತಿರುವ ನಾಚಿಕೆ ಬೇರೆ.

ಕೊನೆಗೆ ಧ್ವನಿಮುದ್ರಿತ ಹಾಡೊಂದನ್ನು ಹುಡುಕಿ, ಕಂಪ್ಯೂಟರಿನಲ್ಲಿ ಎಂಟು ನಿಮಿಷಕ್ಕೆ ಕತ್ತರಿಸಿ, ಅದಕ್ಕೇ ಒಂದು ತಿಂಗಳು ಅಭ್ಯಾಸಮಾಡಿದೆವು. ಒಂದೊಂದು ಹೆಜ್ಜೆಯೂ ಬಾಯಿಪಾಠವಾಗಿತ್ತು. ಸ್ಪರ್ಧೆಯ ದಿನ ಮೂರನೆಯ ನಿಮಿಷದಲ್ಲಿ, ತಿರುಗುವ ಭರದಲ್ಲಿ ನನ್ನ ಕೇದಗೆಮುಂದಲೆ ಸಡಿಲಾಗಿ ಕಣ್ಣಿನ ಮೇಲೆ ಇಳಿಯಿತು. ಎರಡು ಕೈಯಲ್ಲಿಯೂ ಅದನ್ನು ಹಿಡಿದು ಸರಿಪಡಿಸಿಕೊಳ್ಳಲು ನಾಲ್ಕೈದು ಕ್ಷಣಗಳಾದವು. ಹಾಡು ನಿಲ್ಲಲಿಲ್ಲ. ನಾನು ಹಿಂದುಳಿದೆ. ಹಿಂದುಳಿದವನು ಹಿಡಿಯಲು ಓಡಿದೆ, ಓಡಿದಷ್ಟೂ ತಪ್ಪಿದೆ. ಉಳಿದ ಐವರು ಮುಕ್ತಾಯಮಾಡಿ ನಿಂತಾಗ ನಾನೊಬ್ಬ ಇನ್ನೂ ಕುಣಿಯುತ್ತಿದ್ದೆ. ಸಭೆ ನಕ್ಕಿತು. ಗೆಳೆಯರು ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಮನೆಗೆ ಹೋಗಿ ನಡೆದುದೆಲ್ಲವನ್ನೂ ಅಪ್ಪಯ್ಯನಿಗೆ ಹೇಳಿದೆ, ನಾನು ‘ಇಲ್ಲ’ ಎಂದ ಸಂಗತಿಯೊಂದನ್ನು ಬಿಟ್ಟು. ಅವರು ಬೈಯಲಿಲ್ಲ, ನಗಲೂ ಇಲ್ಲ. “ಆ ಪೆಟ್ಟಿಗೆಗೆ ಕಣ್ಣಿಲ್ಲೆ ಮಗಾ, ಅದು ಕಾಯುದಿಲ್ಲೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಾನ್ ಬತ್ತಿದ್ದೆ” ಎಂದರು. ಬರುತ್ತಿದ್ದೆ ಎಂದು ಅರ್ಥ. ಬಿಟ್ಟುಹೇಳಿದ ಸಂಗತಿ ಅವರಿಗೆ ತಿಳಿದೇ ಇತ್ತು.

ಧ್ವನಿಮುದ್ರಣವನ್ನು ನಾನು ಹಳಿಯುತ್ತೇನೆಂದು ವಾಚಕರು ಭಾವಿಸಬಾರದು. ತೀರಿಹೋದ ಭಾಗವತರ ಕಂಠವನ್ನು ನಾವಿಂದು ಕೇಳುವುದು ಅದರಿಂದಲೇ. 1990ರಲ್ಲಿ ಕಿರಿಯ ಹರೆಯದಲ್ಲಿಯೇ ಅಪಘಾತಕ್ಕೆ ತುತ್ತಾದ ಗುಂಡ್ಮಿ ಕಾಳಿಂಗ ನಾವಡರ ಹಾಡುಗಾರಿಕೆಯನ್ನು ನನ್ನ ಓರಗೆಯವರು ಬಲ್ಲುದು ಮುದ್ರಣದ ಮೂಲಕ ಮಾತ್ರ. ಕಲಿಯುವವನಿಗೆ ಅದು ಒಳ್ಳೆಯ ಗುರು. ಹಿಮ್ಮೇಳವನ್ನು ಕರೆಸುವ ವೆಚ್ಚ ಎಲ್ಲರಿಗೂ ಎಟುಕುವಂಥದೂ ಅಲ್ಲ. ಆದರೆ ಅದು ಒಂದು ರಾತ್ರಿ, ಒಬ್ಬ ವೇಷಧಾರಿಯನ್ನು ನೋಡಿ ಹಾಡಿದ ಹಾಡಿನ ನೆರಳು. ಬೇರೊಬ್ಬನು ಅದಕ್ಕೆ ಕುಣಿದರೆ ಮತ್ತೊಬ್ಬನ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟಂತೆ.

ಜೀವಂತ ಹಿಮ್ಮೇಳವಿದ್ದಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದೂ ಹೇಳಲಾಗದು. ಚಪ್ಪಾಳೆಗಾಗಿ ಆಲಾಪನೆಯನ್ನು ಬೆಳೆಸುತ್ತ ಹೋಗುವ ಭಾಗವತರನ್ನೂ, ಕಥೆಯನ್ನು ಮರೆತು ಮಂಡಿ ತಿರುಗುತ್ತಲೇ ಇರುವ ವೇಷಧಾರಿಗಳನ್ನೂ ನಾವು ಕಾಣುತ್ತೇವೆ. ಇಂದು ಅನೇಕ ಕಡೆ ಆಟಗಳು ಕಾಲಮಿತಿಯಲ್ಲಿ ನಡೆಯುತ್ತವೆ. ಹೊತ್ತು ಕಡಿಮೆಯಾದಾಗ ಒಬ್ಬರು ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬರಿಗೆ ಉಳಿಯುವುದಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯುವುದು ಹೇಗೆ ಈ ಕಲೆಯ ಧರ್ಮವೋ, ತನ್ನ ಪಾಲು ಮುಗಿದಾಗ ಬಿಟ್ಟುಕೊಡುವುದೂ ಹಾಗೆಯೇ. ಕರುಣದ ಪದ್ಯ ನಡೆಯುವಾಗ ಚಂಡೆಯವರು ಕೋಲನ್ನು ಕೆಳಗಿಟ್ಟು ಸುಮ್ಮನೆ ಕುಳಿತಿರುತ್ತಾರೆ. ಆ ಸುಮ್ಮನಿರುವಿಕೆಯೂ ಅವರ ಕಲೆಯ ಭಾಗವೇ.

ನನಗೆ ಮದ್ದಳೆ ಬಾರಿಸಲು ಬರುವುದಿಲ್ಲ. ಅಪ್ಪಯ್ಯ ಕಲಿಸಲಿಲ್ಲ. ಚಿಕ್ಕಂದಿನಲ್ಲಿ ನಾನು ಮುಚ್ಚಿಗೆಯ ಮೇಲೆ ಕೈಯಿಟ್ಟರೆ, “ನೀನು ಪುಸ್ತಕ ಹಿಡಿ” ಎಂದು ಎಬ್ಬಿಸುತ್ತಿದ್ದರು. ತಾವು ಐದನೆಯ ತರಗತಿಗೆ ಬಿಟ್ಟ ಶಾಲೆಯನ್ನು ಮಗನು ಮುಗಿಸಬೇಕೆಂಬುದು ಅವರ ಹಂಬಲ. ಅದು ಈ ವರ್ಷ ಕೈಗೂಡುತ್ತಿದೆ. ಆದರೆ ಅವರ ಕೈಯಲ್ಲಿದ್ದ ವಿದ್ಯೆ ಹೀಗೆಯೇ ಒಂದು ಮನೆಯಿಂದ ಹೊರಟುಹೋಗುತ್ತಿದೆ. ನಾವು ಓದಿದವರು ಇದಕ್ಕೆ ಏನಾದರೂ ಮಾಡಲಾರೆವೇ?

ನನ್ನದೊಂದು ಸಣ್ಣ ಸೂಚನೆಯುಂಟು. ನಮ್ಮ ಕಾಲೇಜಿನಲ್ಲಿ ಕುಣಿಯುವವರಿದ್ದಾರೆ, ಹಾಡುವವರೂ ಇದ್ದಾರೆ. ಹಿಂದೆ ಕುಳಿತು ನೋಡಿ ನುಡಿಸುವವರಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಿರುತ್ತದೆ, ಕಲಾವಿದರು ಮನೆಯಲ್ಲಿರುತ್ತಾರೆ. ಆ ತಿಂಗಳುಗಳಲ್ಲಿ ವಾರಕ್ಕೆರಡು ಸಂಜೆ ಬಂದು ಕಲಿಸಲು ಅಪ್ಪಯ್ಯ ಒಪ್ಪಿದ್ದಾರೆ. ಮಾನ್ಯ ಪ್ರಾಂಶುಪಾಲರು ಒಂದು ಕೊಠಡಿಯನ್ನು ಕೊಡಿಸಬೇಕೆಂದು ಪ್ರಾರ್ಥನೆ. ಮೊದಲನೆಯ ಬಿ.ಎ. ತರಗತಿಯ ಇಬ್ಬರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಪರೀಕ್ಷೆ ಮುಗಿದಮೇಲೆ ಮೂರನೆಯವನಾಗಿ ನಾನೂ ಅವರೊಡನೆ ಕುಳಿತುಕೊಳ್ಳುವವನಿದ್ದೇನೆ. ಇಪ್ಪತ್ತರ ಹರೆಯಕ್ಕೆ ಬೆರಳು ಬಗ್ಗುವುದು ಕಷ್ಟವೆಂದು ಅಪ್ಪಯ್ಯ ಮೊದಲೇ ಎಚ್ಚರಿಸಿದ್ದಾರೆ. ಪರೀಕ್ಷೆಯ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ ಈ ಸಲ ‘ಮದ್ದಳೆವಾದನ’ ಎಂದು ಬರೆದಿದ್ದೇನೆ.